ಮಣಿಕಟ್ಟು ನಾವೇ ಮಡಚಬೇಕಾ, ತಾನಾಗಿ ಮಡಚಲು ಬಿಡಬೇಕಾ?

ಬಕೆಟ್ ಬಸವ: ಎಲ್ಲರಿಗೂ ನಮಸ್ಕಾರ. ವಯಸ್ಸು 42, ಗಾಲ್ಫ್ ಶುರು ಮಾಡಿ ಒಂದೂವರೆ ವರ್ಷ. ಹ್ಯಾಂಡಿಕ್ಯಾಪ್ (ಕಡಿಮೆ ಇದ್ದಷ್ಟೂ ಆಟ ಚೆನ್ನ) 26, ಅದೂ ಧಾರಾಳವಾಗಿ ಲೆಕ್ಕ ಹಾಕಿದರೆ. ಬಲಗೈ ಆಟಗಾರ. ನಮ್ಮ ರೇಂಜಿನ (ಅಭ್ಯಾಸದ ಮೈದಾನದ) ಕೋಚ್ ಹೇಳುವುದು ಇಷ್ಟೇ: ಕ್ಲಬ್ (ಹೊಡೆಯುವ ಕೋಲು) ಹಿಂದಕ್ಕೆ ಎತ್ತುವಾಗ ಎಡತೋಳು ನೆಲಕ್ಕೆ ಸಮನಾಗಿ ಬರುವ ಹೊತ್ತಿಗೆ ಮಣಿಕಟ್ಟು ಮಡಚಿರಬೇಕು, ಕ್ಲಬ್ ನೆಟ್ಟಗೆ ಆಕಾಶ ನೋಡಬೇಕು. ತೋಳು, ಕ್ಲಬ್ ಸೇರಿ 'ಎಲ್' ಅಕ್ಷರ. ಹಾಗೆ ಮಾಡಿದರೆ ನನ್ನ ಚೆಂಡು ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿ ಹೋಗುತ್ತದೆ. ಮಾಡದೇ ಹೊಡೆದರೆ ಏಳನೇ ಐರನ್ (ಮಧ್ಯಮ ದೂರದ ಕ್ಲಬ್) 110 ಗಜ ದಾಟುವುದಿಲ್ಲ. ಈ ಮಡಚುವುದನ್ನು ನಾನೇ ಮಾಡಬೇಕಾ, ಅದಾಗೇ ಆಗುತ್ತದಾ? (ಎಡಗೈ ಗ್ಲೌಸ್ ಬೇರೆ ಎರಡು ತಿಂಗಳಿಗೊಂದು ತೂತು, ಅಂಗೈ ಕೆಳಗಿನ ದಿಂಬಿನ ಜಾಗದಲ್ಲೇ. ಅದು ಬೇರೆ ಕಥೆ.)

ಹೋಗನ್ ಭಕ್ತ: ಮಡಚುವುದು ಅಂತ ಒಂದು ಕೆಲಸವೇ ಇಲ್ಲ ಬಸವ ಅವರೇ. ಕೈ ಬಿಗಿ ಸಡಿಲಿಸಿ. ಕ್ಲಬ್ ತಲೆಯ ಭಾರವೇ ಮಣಿಕಟ್ಟನ್ನು ಮಡಚುತ್ತದೆ. ನಾನು 31 ವರ್ಷದಿಂದ ಆಡುತ್ತಿದ್ದೇನೆ, ಒಂದು ದಿನವೂ 'ಈಗ ಮಡಚು' ಅಂತ ಕೈಗೆ ಹೇಳಿಲ್ಲ. ಇನ್ನು ತುದಿಗೆ ಹೋದಾಗ ಎಡ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿ ಬಟ್ಟಲಿನ ಹಾಗೆ ಇರಬೇಕು. ಇದು ನನ್ನ ಮಾತಲ್ಲ. ಅಮೆರಿಕದ ಗಾಲ್ಫ್ ದಿಗ್ಗಜ ಬೆನ್ ಹೋಗನ್ 1955ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಿಚ್ಚಿಟ್ಟ ಗುಟ್ಟು. 1949ರಲ್ಲಿ ಬಸ್ಸು ಗುದ್ದಿ ಮೂಳೆ ಮುರಿದು ಮಲಗಿದವರು, 1950ರಲ್ಲಿ ಯುಎಸ್ ಓಪನ್ ಗೆದ್ದರು. ಅವರಿಗಿಂತ ನಮ್ಮ ರೇಂಜ್ ಕೋಚ್ ಹೆಚ್ಚಾ?

ಸಿಂಗಲ್ ಡಿಜಿಟ್ ಸೀನ: 'ಬಟ್ಟಲಿನ ಹಾಗೆ'?? ಸಾರ್, ಹೋಗನ್‌ಗೆ ಇದ್ದ ಕಾಯಿಲೆ ಹುಕ್. ಚೆಂಡು ಎಡಕ್ಕೆ ಓಡುತ್ತಿತ್ತು. ಮಣಿಕಟ್ಟು ಬಟ್ಟಲಾದರೆ ಕ್ಲಬ್ಬಿನ ಮುಖ (ಚೆಂಡಿಗೆ ತಾಗುವ ಭಾಗ) ಬಲಕ್ಕೆ ತೆರೆಯುತ್ತದೆ, ಹುಕ್ ನಿಲ್ಲುತ್ತದೆ. ಅದಕ್ಕೇ ಆ ಔಷಧಿ. ಬಸವನದು ಸ್ಲೈಸ್, ಬಲಕ್ಕೆ ಬಾಗುವುದು. ಅವನ ಕ್ಲಬ್ಬಿನ ಮುಖ ಮೊದಲೇ ತೆರೆದಿದೆ. ಬಿಪಿ ಇಳಿದವನಿಗೆ ಬಿಪಿ ಇಳಿಸುವ ಮಾತ್ರೆ ಕೊಡುತ್ತಿದ್ದೀರಿ. ಇವತ್ತಿನವರನ್ನು ನೋಡಿ. ಡಸ್ಟಿನ್ ಜಾನ್ಸನ್, ಕಾಲಿನ್ ಮೊರಿಕಾವಾ, ಯಾನ್ ರಾಮ್, ಎಲ್ಲರ ಎಡ ಮಣಿಕಟ್ಟೂ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುತ್ತದೆ. ಜಾನ್ಸನ್ ಅದೇ ಮಣಿಕಟ್ಟಿನಲ್ಲಿ 2020ರ ಮಾಸ್ಟರ್ಸ್ ಟೂರ್ನಿಯನ್ನು 20 ಅಂಡರ್‌ನಲ್ಲಿ, ಅಂದರೆ ನಿಗದಿತ ಹೊಡೆತಕ್ಕಿಂತ 20 ಕಡಿಮೆಯಲ್ಲಿ ಗೆದ್ದರು. ದಾಖಲೆ.

ಹೋಗನ್ ಭಕ್ತ: '20 ಅಂಡರ್.' ಆ ವರ್ಷ ಮಾಸ್ಟರ್ಸ್ ನಡೆದದ್ದು ನವೆಂಬರ್‌ನಲ್ಲಿ. ಕೋರ್ಸ್ ಮೆತ್ತಗಿತ್ತು, ಪ್ರೇಕ್ಷಕರೇ ಇರಲಿಲ್ಲ. ಎಂದಿನ ಹಾಗೆ ಏಪ್ರಿಲ್‌ನಲ್ಲಿ, ಗಟ್ಟಿ ಗ್ರೀನ್ (ಕುಳಿ ಸುತ್ತಲಿನ ಹುಲ್ಲು) ಮೇಲೆ ಮಾಡಿ ತೋರಿಸಲಿ.

ಸಿಂಗಲ್ ಡಿಜಿಟ್ ಸೀನ: ಗ್ರೀನ್ ಮೆತ್ತಗಿದ್ದರೆ ಮಣಿಕಟ್ಟು ತಪ್ಪಾಗುತ್ತಾ?

ಮಣಿಕಟ್ಟು ಡಾಕ್ಟರಮ್ಮ: ನಾನು ಫಿಸಿಯೋಥೆರಪಿಸ್ಟ್, ಗಾಲ್ಫರ್‌ಗಳ ಕೈ ದಿನಾ ನೋಡುತ್ತೇನೆ. ನೀವಿಬ್ಬರೂ ಎರಡು ಬೇರೆ ಚಲನೆ ಹಿಡಿದುಕೊಂಡು ಜಗಳ ಆಡುತ್ತಿದ್ದೀರಿ. ಮೊಳೆ ಹೊಡೆಯಲು ಸುತ್ತಿಗೆ ಎತ್ತುವಾಗ ಹೆಬ್ಬೆರಳು ಮೊಣಕೈ ಕಡೆಗೆ ಬರುತ್ತದಲ್ಲ, ಅದು ಒಂದು. ಎಲ್ ಅಕ್ಷರ ಮಾಡುವುದು ಅದೇ. ಮಣಿಕಟ್ಟು ಹಿಂದಕ್ಕೆ ಬಾಗಿ ಬಟ್ಟಲು, ಮುಂದಕ್ಕೆ ಬಾಗಿ ಬಿಲ್ಲು ಆಗುವುದು ಇನ್ನೊಂದು. ಕ್ಲಬ್ಬಿನ ಮುಖ ತೆರೆಯುವುದು ಮುಚ್ಚುವುದು ಈ ಎರಡನೆಯದರಿಂದ. ಬಸವ ಅವರು ಕೇಳಿದ್ದು ಮೊದಲನೆಯದು. ಸುತ್ತಿಗೆ ಚಲನೆ ಬಹಳ ಇಲ್ಲ, ಸುಮಾರು 20 ಡಿಗ್ರಿ. ಕ್ಲಬ್ಬನ್ನು ಅಂಗೈಯಲ್ಲಿ ಹಿಡಿದರೆ ಅಷ್ಟೂ ಸಿಗುವುದಿಲ್ಲ. ಬೆರಳುಗಳ ಬುಡದಲ್ಲಿ ಹಿಡಿದರೆ ಸಿಗುತ್ತದೆ. ಗ್ಲೌಸ್ ತೂತು ಬೀಳುವ ಜಾಗ ನೋಡಿದರೆ ಅವರು ಅಂಗೈಯಲ್ಲೇ ಹಿಡಿಯುತ್ತಿದ್ದಾರೆ ಅನ್ನಿಸುತ್ತದೆ. ಮೊದಲು ಹಿಡಿತ ಬದಲಿಸಿ ನೋಡಿ.

ಸ್ಕ್ವೇರ್ ಕಟ್ ಶೆಣೈ: 'ಸುತ್ತಿಗೆ'ಯಂತೆ. ಅಲ್ಲ ಸ್ವಾಮಿ, ಕ್ರಿಕೆಟ್ ಆಡಿ ಬೆಳೆದ ನಮ್ಮವರಿಗೆ ಮಣಿಕಟ್ಟಿನ ಪಾಠ ಬೇಕಾ? ಭದ್ರಾವತಿಯ ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆಯುವ ಹಳೇ ವಿಡಿಯೋ ಹಾಕಿಕೊಂಡು ನೋಡಿ. ಅಷ್ಟೇ ಸಾಕು. ಕ್ರಿಕೆಟ್ ಬಂದವನಿಗೆ ಗಾಲ್ಫ್ ಅರ್ಧ ಬಂದ ಹಾಗೆ. ಕಪಿಲ್ ದೇವ್ ನಿವೃತ್ತಿ ಆದ ಮೇಲೆ ಗಾಲ್ಫಿಗೆ ಇಳಿಯಲಿಲ್ಲವಾ?

ಗೋಣಿಕೊಪ್ಪ ಸ್ಟಿಕ್: 'ಕ್ರಿಕೆಟ್ ಬಂದವನಿಗೆ ಗಾಲ್ಫ್ ಅರ್ಧ.' ತಪ್ಪು. ಕ್ರಿಕೆಟ್ ಬಂದವನಿಗೆ ಸ್ಲೈಸ್ ಪೂರ್ತಿ. ಕಟ್ ಹೊಡೆಯುವಾಗ ಚೆಂಡು ಮೇಲೇಳಬಾರದು ಅಂತ ಮಣಿಕಟ್ಟು ಹೊರಳಿಸುತ್ತೀರಿ. ಅದು ಹೊರಳಿಸುವುದು, ಮಡಚುವುದಲ್ಲ. ನಮ್ಮ ಕ್ಲಬ್ಬಿನಲ್ಲಿ ಕ್ರಿಕೆಟ್‌ನಿಂದ ಬಂದವರನ್ನು ಮೊದಲ ಟೀ (ಆಟ ಶುರುವಾಗುವ ಜಾಗ) ಮೇಲೆಯೇ ಗುರುತು ಹಿಡಿಯುತ್ತೇನೆ. ಕ್ಲಬ್ ಎತ್ತುತ್ತಲೇ ಮುಖ ಆಕಾಶಕ್ಕೆ. ಹಾಕಿ ಆಡಿದವನಿಗೆ ಈ ಕಾಯಿಲೆ ಇಲ್ಲ. ಕೋಲಿಗೆ ಚಪ್ಪಟೆ ಮುಖ ಒಂದೇ ಕಡೆ. ಮುಖ ಎಲ್ಲಿದೆ ಅಂತ ಕೈಗೆ ಗೊತ್ತಿರಲೇಬೇಕು. ಎರಡೂ ಕೈ ಕೂಡಿಸಿ, ಮಣಿಕಟ್ಟು ಮಡಚಿ, ಗಿಡ್ಡ ಬೀಸು. ಇದಕ್ಕಿಂತ ಒಳ್ಳೆಯ ಗಾಲ್ಫ್ ಪಾಠ ಇಲ್ಲ.

ಸ್ಕ್ವೇರ್ ಕಟ್ ಶೆಣೈ: ವಿಶ್ವನಾಥ್ ಅವರದು 'ಹೊರಳಿಸುವುದು' ಅಂತ ಹೇಳುವ ಮೊದಲು ಒಂದು ಸಲ ಯೋಚಿಸಿ. 1975 ಜನವರಿ, ಚೆಪಾಕ್. ಆ್ಯಂಡಿ ರಾಬರ್ಟ್ಸ್ ಒಬ್ಬರೇ 7 ವಿಕೆಟ್ ತೆಗೆದರು. ತಂಡದ ಮೊತ್ತ 190. ಅದರಲ್ಲಿ ಇವರದು 97, ಔಟಾಗದೆ. ಮಣಿಕಟ್ಟು ಸರಿ ಇಲ್ಲದೆ ಆಯಿತಾ?

ಗೋಣಿಕೊಪ್ಪ ಸ್ಟಿಕ್: ಅದೇ 1975ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಿತು. ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ. ನಿಮ್ಮ ಕ್ರಿಕೆಟ್‌ಗೆ ವಿಶ್ವಕಪ್ ಬರಲು ಇನ್ನೂ ಎಂಟು ವರ್ಷ ಬೇಕಾಯಿತು.

ಸ್ಕ್ವೇರ್ ಕಟ್ ಶೆಣೈ: 'ನಿಮ್ಮ ಕ್ರಿಕೆಟ್'? ಕರ್ನಾಟಕದವರೇ ಅಲ್ವಾ ನೀವು? 1974ರಲ್ಲಿ ಬಾಂಬೆಯ ಸತತ 15 ವರ್ಷದ ರಣಜಿ ಸರಪಳಿ ಮುರಿದದ್ದು ಯಾರು?

ಸಿಂಗಲ್ ಡಿಜಿಟ್ ಸೀನ: ಸುಮ್ನೆ ಒಂದು ಪ್ರಶ್ನೆ. ರಣಜಿಗೂ ಬಸವನ ಸ್ಲೈಸಿಗೂ ಏನು ಸಂಬಂಧ?

ಗೋಣಿಕೊಪ್ಪ ಸ್ಟಿಕ್: ಸಂಬಂಧ ಇದೆ. ಕೆನಡಾ ನೋಡಿ. ಮೈಕ್ ವಿಯರ್ ಚಿಕ್ಕಂದಿನಲ್ಲಿ ಹಾಕಿ ಆಡಿ ಬೆಳೆದವರು. 2003ರಲ್ಲಿ ಮಾಸ್ಟರ್ಸ್ ಗೆದ್ದ ಮೊದಲ ಎಡಗೈ ಆಟಗಾರ. ಹೊಡೆಯುವ ಮೊದಲು ಕ್ಲಬ್ಬನ್ನು ಅರ್ಧದವರೆಗೆ ಎತ್ತಿ, ಮಣಿಕಟ್ಟು ಮಡಚಿ, ಸರಿ ಇದೆಯಾ ಅಂತ ನೋಡಿ, ಮತ್ತೆ ಕೆಳಗಿಡುತ್ತಿದ್ದರು. ಬಸವ ಅವರೇ, ಇದನ್ನೇ ಮಾಡಿ. ಮಡಚಲು ಕಲಿಯಬೇಕು, 'ಭಾರ ಮಡಚುತ್ತದೆ' ಅಂತ ಕಾಯುತ್ತಾ ಕೂರಬಾರದು.

ಸ್ಕ್ವೇರ್ ಕಟ್ ಶೆಣೈ: ಹಹ್ಹಾ, ಅದು ಐಸ್ ಹಾಕಿ! ಗೋಣಿಕೊಪ್ಪದಲ್ಲಿ ಯಾವಾಗ ಮಂಜು ಬಿತ್ತು?

ಗೋಣಿಕೊಪ್ಪ ಸ್ಟಿಕ್: ಕೋಲು ಕೋಲೇ.

ಎಡಿಸನ್ ರಾಯರು: ನ್ಯೂಜೆರ್ಸಿಯಿಂದ. ಕ್ರಿಕೆಟ್, ಹಾಕಿ ಎರಡನ್ನೂ ಪಕ್ಕಕ್ಕಿಟ್ಟು ಸ್ವಲ್ಪ ಭೌತಶಾಸ್ತ್ರ ನೋಡೋಣವೇ? ತೋಳು ಒಂದು ಸರಳು, ಕ್ಲಬ್ ಇನ್ನೊಂದು ಸರಳು, ನಡುವೆ ಮಣಿಕಟ್ಟು ಅನ್ನುವ ಕೀಲು. ಕೆಳಗೆ ಬರುವಾಗ ಮೊದಲು ತೋಳು ವೇಗ ಪಡೆಯುತ್ತದೆ, ಕೀಲು ಮಡಚಿಯೇ ಇರುತ್ತದೆ. ಕೊನೆಯಲ್ಲಿ ಕೀಲು ಬಿಚ್ಚಿ ತೋಳಿನ ವೇಗ ಕ್ಲಬ್ ತಲೆಗೆ ದಾಟುತ್ತದೆ, ತೋಳು ನಿಧಾನವಾಗುತ್ತದೆ. ಸೌದೆ ಒಡೆಯುವವರ ಕೊಡಲಿ ನೋಡಿದ್ದೀರಲ್ಲ, ಅದೇ ಲೆಕ್ಕ. ಮೇಲಿನಿಂದಲೇ ಕೀಲು ಬಿಚ್ಚಿಬಿಟ್ಟರೆ ವೇಗವೆಲ್ಲ ಚೆಂಡಿಗಿಂತ ಮೊದಲೇ ಖರ್ಚು. ಬಸವನ 110 ಗಜದ ಕಾರಣ ಅದೇ ಇರಬೇಕು. ಮಡಚುವುದು ಬೇಗವೋ ತಡವೋ ಎನ್ನುವುದಕ್ಕಿಂತ ಬಿಚ್ಚುವುದು ಯಾವಾಗ ಎನ್ನುವುದು ಮುಖ್ಯ.

ಹೋಗನ್ ಭಕ್ತ: 'ಕೊಡಲಿ.' ನೋಡಿ, ನನ್ನ ಮಾತನ್ನೇ ರಾಯರು ಹೇಳಿದರು. ಸೌದೆ ಒಡೆಯುವವನು ಮಣಿಕಟ್ಟಿನ ಬಗ್ಗೆ ಯೋಚಿಸುತ್ತಾನಾ? ಇಲ್ಲ. ಕೊಡಲಿಯ ಭಾರ ಮಡಚುತ್ತದೆ.

ಎಡಿಸನ್ ರಾಯರು: ನಾನು ಹಾಗೆ ಹೇಳಲಿಲ್ಲ.

ಗೋಣಿಕೊಪ್ಪ ಸ್ಟಿಕ್: ಹೋಗನ್ ಭಕ್ತರು ಸೌದೆ ಒಡೆದಿದ್ದಾರಾ? ನಮ್ಮ ತೋಟದಲ್ಲಿ ಬನ್ನಿ, ತೋರಿಸುತ್ತೇನೆ. ಕಲಿಯದವನ ಕೊಡಲಿ ಮೊದಲು ಬೀಳುವುದು ಕಾಲ ಪಕ್ಕ.

ಕೆರೆ ಹುಡುಕುವವ: ಬೆಂಗಳೂರಿನಲ್ಲಿ ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ ಈಗ ಗಾಲ್ಫ್ ಆಡುತ್ತಾರೆ. ನಮ್ಮ ಬಡಾವಣೆಗೆ ಟ್ಯಾಂಕರ್ ಬರುವುದು ಮೂರು ದಿನಕ್ಕೊಮ್ಮೆ. ನೀವು ಮಣಿಕಟ್ಟು ಮಡಚಿ.

ಸಿಂಗಲ್ ಡಿಜಿಟ್ ಸೀನ: ಬಂದರು. ಬಿಡದಿ ಕಡೆಯ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಅದೇ ಹುಲ್ಲಿನ ಮೇಲೆ ಆಡಿ ವೃತ್ತಿಪರ ಆಟಗಾರ ಆದರು. ಅದೂ ಲೆಕ್ಕಕ್ಕೆ ತಗೊಳ್ಳಿ.

ಕೆರೆ ಹುಡುಕುವವ: 'ಅದೇ ಹುಲ್ಲಿನ ಮೇಲೆ.' ಬಿಡದಿ ಎಲ್ಲಿ, ಚಲ್ಲಘಟ್ಟ ಎಲ್ಲಿ. ಭೂಗೋಳ ಮೊದಲು ಕಲಿಯಿರಿ, ಮಣಿಕಟ್ಟು ಆಮೇಲೆ.

ಬಕೆಟ್ ಬಸವ: ಡಾಕ್ಟರಮ್ಮ ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಹಿಡಿತ ಬೆರಳಿಗೆ ಇಳಿಸಿ ನೋಡಿದೆ. ಮೊದಲ ಇಪ್ಪತ್ತು ಚೆಂಡು, ಕ್ಲಬ್ ಕೈಜಾರಿ ಹೋಗುತ್ತದೆ ಅನ್ನುವ ಭಯ. ಆಮೇಲೆ ಮಣಿಕಟ್ಟು ಸಲೀಸಾಗಿ ಮಡಚಿತು, ನಾನೇನೂ ಮಾಡಲಿಲ್ಲ. ಹತ್ತರಲ್ಲಿ ಐದಾರು ನೆಟ್ಟಗೆ. ಉಳಿದವು ಈಗ ಎಡಕ್ಕೆ ಹೋಗುತ್ತಿವೆ.

ಹೋಗನ್ ಭಕ್ತ: 'ನಾನೇನೂ ಮಾಡಲಿಲ್ಲ.' ಇದನ್ನೇ ಮೊದಲ ದಿನದಿಂದ ಹೇಳುತ್ತಿದ್ದೇನೆ. ಮತ್ತೆ ಎಡಕ್ಕೆ ಹೋಗುತ್ತಿದೆಯಲ್ಲ, ಈಗ ಸ್ವಲ್ಪ ಬಟ್ಟಲು ಮಾಡಿ. ಹೋಗನ್ ಔಷಧಿ.

ಸಿಂಗಲ್ ಡಿಜಿಟ್ ಸೀನ: ಅಯ್ಯೋ, ಬೇಡ ಬಸವ. ಎರಡು ವಾರದಲ್ಲಿ ಮತ್ತೆ ಬಾಳೆಹಣ್ಣು. ಮಣಿಕಟ್ಟು ನೇರ ಇಡು, ಸೊಂಟ ಜಾಸ್ತಿ ತಿರುಗಿಸು. ಜಾನ್ಸನ್ ಮಾಡುವುದೂ ಅದನ್ನೇ. ಅಷ್ಟು ಮುಚ್ಚಿದ ಮುಖ ಇದ್ದರೂ ಅವರ ಚೆಂಡು ಬಲಕ್ಕೆ ಬಾಗುತ್ತದೆ, ಮೈ ತಿರುಗುವ ಜೋರಿಗೆ.

ಹೋಗನ್ ಭಕ್ತ: 42 ವಯಸ್ಸಿನವರ ಸೊಂಟಕ್ಕೆ ಜಾನ್ಸನ್ ಸೊಂಟ ಜೋಡಿಸುತ್ತೀರಾ? ನಿಮ್ಮ ಯಾನ್ ರಾಮ್ ಅವರೇ ಹೇಳಿದ್ದಾರೆ, ಹುಟ್ಟಿನಿಂದ ಬಲಪಾದದ ತೊಂದರೆ ಇದೆ, ಅದಕ್ಕೇ ತನ್ನ ಬೀಸು ಗಿಡ್ಡ ಅಂತ. ಅವರವರ ಮೈ ಅವರವರಿಗೆ.

ಸಿಂಗಲ್ ಡಿಜಿಟ್ ಸೀನ: 'ಅವರವರ ಮೈ ಅವರವರಿಗೆ' ಅನ್ನುವುದಾದರೆ ಹೋಗನ್ ಬಟ್ಟಲು ಮಾತ್ರ ಎಲ್ಲರಿಗೂ ಯಾಕೆ?

ಹೋಗನ್ ಭಕ್ತ: ಹೋಗನ್ ಮೈ ಬೇರೆ, ಹೋಗನ್ ತತ್ವ ಬೇರೆ.

ಎಡಿಸನ್ ರಾಯರು: ಇನ್ನೊಂದು ಉದಾಹರಣೆ. ಅಮೆರಿಕದ ಆಟಗಾರ ಸ್ಟೀವ್ ಸ್ಟ್ರಿಕರ್ ಮಣಿಕಟ್ಟು ಮಡಚುವುದು ತೀರಾ ಕಡಿಮೆ. ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್) ಹೊಡೆಯುವಾಗಂತೂ ಇಲ್ಲವೇ ಇಲ್ಲ ಅನ್ನಬಹುದು. ಆದರೂ 2009ರಲ್ಲಿ ವಿಶ್ವದ ಎರಡನೇ ರ‍್ಯಾಂಕ್. ನಮ್ಮ ಅದಿತಿ ಅಶೋಕ್ ಕೂಡ ಉದ್ದ ಹೊಡೆಯುವವರಲ್ಲ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಬರೀ ಉದ್ದಕ್ಕಾಗಿ ಇಷ್ಟು ಒದ್ದಾಡಬೇಕಾ ಅಂತ.

ಸ್ಕ್ವೇರ್ ಕಟ್ ಶೆಣೈ: ಅದಿತಿ ಪದಕದ ಹತ್ತಿರ ಹೋದದ್ದು ಪಟ್ಟಿಂಗ್‌ನಿಂದ, ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವುದರಿಂದ. ಮಣಿಕಟ್ಟು ಎಲ್ಲಿಂದ ಬಂತು? ರಾಯರೇ, ನಿಮ್ಮದು ಮೊನ್ನೆ ಒಂದು, ಇವತ್ತು ಒಂದು. ಮೊನ್ನೆ ಕೀಲು ಇಲ್ಲದೆ ವೇಗ ಇಲ್ಲ ಅಂದಿರಿ.

ಎಡಿಸನ್ ರಾಯರು: ವೇಗ ಇಲ್ಲ ಅಂದೆ. ಸ್ಕೋರ್ ಇಲ್ಲ ಅನ್ನಲಿಲ್ಲ.

ಮಣಿಕಟ್ಟು ಡಾಕ್ಟರಮ್ಮ: ಬಸವ ಅವರೇ, ಎಡಕ್ಕೆ ಹೋಗುವ ಚೆಂಡಿನ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಹಿಡಿತದಲ್ಲಿ ಮುಖ ಮುಚ್ಚಲು ಕೈ ಏನೋ ಸರ್ಕಸ್ ಮಾಡುತ್ತಿತ್ತು, ಅದು ಇನ್ನೂ ಬಿಟ್ಟಿಲ್ಲ. ಒಂದು ಬಕೆಟ್ ಚೆಂಡು ಪೂರ್ತಿ ಸೊಂಟದಿಂದ ಸೊಂಟಕ್ಕೆ ಅರ್ಧ ಬೀಸು ಹೊಡೆಯಿರಿ. ಕ್ಲಬ್ಬಿನ ಹಿಡಿಯ ತುದಿಯ ಸಣ್ಣ ತೂತಿಗೆ ಒಂದು ಟೀ (ಚೆಂಡು ಕೂರಿಸುವ ಸಣ್ಣ ಮೊಳೆ) ಸಿಕ್ಕಿಸಿ. ಎಡತೋಳು ನೆಲಕ್ಕೆ ಸಮನಾದಾಗ ಆ ಟೀ ನೆಲದ ಕಡೆ ನೋಡಬೇಕು. ನೋಡಿದರೆ ಮಡಚಿದೆ ಅಂತ. ಇನ್ನೊಂದು ಮಾತು, ಕಿರುಬೆರಳ ಕಡೆ ಅಂಗೈ ಬುಡದಲ್ಲಿ ನೋವು ಬಂದರೆ ಆಡುವುದನ್ನು ನಿಲ್ಲಿಸಿ, ತೋರಿಸಿ. ಹಿಡಿಯ ತುದಿ ಒತ್ತಿ ಒತ್ತಿ ಅಲ್ಲಿನ ಸಣ್ಣ ಮೂಳೆ ಬಿರುಕು ಬಿಡುವುದುಂಟು.

ಸ್ಕ್ವೇರ್ ಕಟ್ ಶೆಣೈ: 'ಸರ್ಕಸ್' ಅಂದಿರಲ್ಲ ಡಾಕ್ಟರಮ್ಮ, ಕ್ರಿಕೆಟ್‌ನಲ್ಲಿ ಅದನ್ನೇ ನಾವು ಕಲೆ ಅನ್ನುತ್ತೇವೆ.

ಗೋಣಿಕೊಪ್ಪ ಸ್ಟಿಕ್: ನಿಂತ ಚೆಂಡಿಗೆ ಕಲೆ ಬೇಡ. ನಿಯಮ ಸಾಕು.

ಸ್ಕ್ವೇರ್ ಕಟ್ ಶೆಣೈ: 'ನಿಂತ ಚೆಂಡು.' ಹಾಗಾದರೆ ಹಾಕಿಯಲ್ಲಿ ಚೆಂಡು ನಿಂತಿರುತ್ತಾ? ನಿಮ್ಮ ವಾದ ನಿಮಗೇ ತಿರುಗಿತು.

ಗೋಣಿಕೊಪ್ಪ ಸ್ಟಿಕ್: ಪೆನಾಲ್ಟಿ ಕಾರ್ನರ್‌ನಲ್ಲಿ ನಿಲ್ಲಿಸಿ ಹೊಡೆಯುತ್ತಿದ್ದೆವು. ನೀವು ನೋಡಿರುವುದು ಬರೀ ಟಿವಿಯಲ್ಲಿ. 1997ರಿಂದ ನಮ್ಮಲ್ಲಿ ಮನೆತನ ಮನೆತನಗಳ ನಡುವೆ ಹಾಕಿ ಟೂರ್ನಿ ನಡೆಯುತ್ತದೆ, ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ. ಬನ್ನಿ, ನಿಂತ ಚೆಂಡು ಹೇಗಿರುತ್ತದೆ ಅಂತ ತೋರಿಸುತ್ತೇನೆ.

ಸ್ಕ್ವೇರ್ ಕಟ್ ಶೆಣೈ: ಬರುತ್ತೇನೆ. ಬ್ಯಾಟ್ ತರುತ್ತೇನೆ.

ನಿರ್ವಾಹಕ: ಇಬ್ಬರೂ ಸ್ವಲ್ಪ ತಣ್ಣಗಾಗಿ. ಇದು ಗಾಲ್ಫ್ ವಿಭಾಗ.

ಬಕೆಟ್ ಬಸವ: ಟೀ ಸಿಕ್ಕಿಸಿ ನೋಡಿದೆ ಡಾಕ್ಟರಮ್ಮ. ನನ್ನದು ನೆಲ ನೋಡುವ ಬದಲು ಪಕ್ಕದ ಅಂಕಣದಲ್ಲಿ ಹೊಡೆಯುತ್ತಿದ್ದವರ ಹೊಟ್ಟೆ ನೋಡುತ್ತಿತ್ತು. ಮಡಚಿಯೇ ಇರಲಿಲ್ಲ ಅಂತಾಯಿತು. ನಾಳೆ ಮತ್ತೆ ಹೋಗುತ್ತೇನೆ. ಕೋಚ್‌ಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ.

ಹೋಗನ್ ಭಕ್ತ: 'ಕೋಚ್‌ಗೆ ಹೇಳಿಲ್ಲ.' ಒಳ್ಳೆಯದು ಮಾಡಿದಿರಿ.

ಸಿಂಗಲ್ ಡಿಜಿಟ್ ಸೀನ: ಎಲ್ ಅಕ್ಷರ ಅಂತ ಮೊದಲು ಹೇಳಿದ್ದೇ ಆ ಕೋಚ್ ಅಲ್ವಾ ಸಾರ್?

ಸ್ಕ್ವೇರ್ ಕಟ್ ಶೆಣೈ: ನಿರ್ವಾಹಕರೇ, ಒಂದೇ ಒಂದು ಮಾತು. ಹಾಕಿಯವರು ನನ್ನ ರಣಜಿ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.