ಯುದ್ಧದ ಗೇಮ್‌ನಲ್ಲಿ ಸೈನಿಕರ ವೇಷ ಸರಿಯಿದ್ದರೆ ಸಾಕಾ?

ಕಾಲಾಳು:

2004ರ ರೋಮ್: ಟೋಟಲ್ ವಾರ್‌ನಿಂದ ಹಿಡಿದು ಕಂಪ್ಯೂಟರಿನಲ್ಲಿ ಸೈನ್ಯ ನಡೆಸಿ ಕಾದಾಡುವ ಆ ಸರಣಿಯ ಹೆಚ್ಚಿನ ಗೇಮ್‌ಗಳನ್ನು ಆಡಿದ್ದೇನೆ. ಇತಿಹಾಸ ಓದುವ ಚಟವೂ ಇರುವುದರಿಂದ ಕಿರಿಕಿರಿ ಜಾಸ್ತಿ. ರೋಮ್‌ನಲ್ಲಿ ಈಜಿಪ್ಟಿನ ಸೈನ್ಯ ನೋಡಿದ್ದೀರಲ್ವಾ? ಗೇಮ್ ಶುರುವಾಗುವುದು ಕ್ರಿ.ಪೂ. 270ರಲ್ಲಿ. ಆಗ ಅಲ್ಲಿ ಆಳುತ್ತಿದ್ದವರು ಗ್ರೀಕ್ ಮೂಲದ ಟಾಲೆಮಿ ವಂಶದವರು. ಅವರ ಕಾಲಾಳುಗಳು ಅಲೆಕ್ಸಾಂಡರನವರ ಹಾಗೆ ಉದ್ದನೆಯ ಈಟಿ ಹಿಡಿದು ನಿಲ್ಲುತ್ತಿದ್ದರು. ಗೇಮ್‌ನಲ್ಲಿ ನೋಡಿದರೆ ಅದಕ್ಕಿಂತ ಸಾವಿರ ವರ್ಷ ಹಿಂದಿನ ಫೇರೋಗಳ ರಥ, ಫೇರೋಗಳ ವೇಷ!

ಕೊನೆಗೆ ಯುರೋಪಾ ಬಾರ್ಬರೋರಮ್ ಮಾಡ್ (ಅಭಿಮಾನಿಗಳು ಗೇಮ್ ತಿದ್ದಿ ಮಾಡಿದ ರೂಪ) ಹಾಕಿಕೊಂಡೆ. ಗುರಾಣಿ, ಶಿರಸ್ತ್ರಾಣ, ಪಡೆಗಳ ಹೆಸರು ಎಲ್ಲದರ ಹಿಂದೆಯೂ ಓದು ಇದೆ, ನೋಡಿ ಖುಷಿಯಾಯಿತು. ಆದರೆ ನಾನು ಗೆಲ್ಲುವ ದಾರಿ ಅದೇ ಹಳೆಯದು. ಈಟಿಯವರನ್ನು ಮುಂದೆ ನಿಲ್ಲಿಸು, ಕುದುರೆಗಳನ್ನು ಸುತ್ತು ಹಾಕಿಸಿ ಹಿಂದಿನಿಂದ ನುಗ್ಗಿಸು, ಮುಗಿಯಿತು.

ಹಾಗಾದರೆ ಗೇಮ್ ನಿಜಕ್ಕೆ ಹತ್ತಿರ ಇದೆ ಎಂದು ಯಾವುದನ್ನು ನೋಡಿ ಹೇಳಬೇಕು? ಆ ಕಾಲದ ಸೇನಾಪತಿಯ ಪಾಡು ಗೊತ್ತಾಗುವ ಗೇಮ್ ಇದ್ದರೆ ಹೇಳಿ. ದಪ್ಪ ಪುಸ್ತಕದಷ್ಟು ಮ್ಯಾನ್ಯುಯಲ್ ಇರುವಂಥದ್ದು ಮಾತ್ರ ಬೇಡ.

ಹಳೇಕೋಟೆ:

ವೇಷದ ಜಗಳ ಬಿಟ್ಟುಬಿಡಿ ಗುರು, ಅದಕ್ಕೆ ಕೊನೆಯಿಲ್ಲ. ಅದೇ ಗೇಮ್‌ನಲ್ಲಿ ಬೆಂಕಿ ಹಚ್ಚಿದ ಹಂದಿಗಳನ್ನು ಶತ್ರುವಿನ ಮೇಲೆ ಬಿಡಬಹುದು. ಎಲ್ಲರೂ ನಗುತ್ತಾರೆ. ಆದರೆ ಮೆಗಾರಾ ಊರಿನವರು ಆನೆಗಳನ್ನು ಬೆದರಿಸಲು ಹೀಗೆ ಮಾಡಿದರು ಎಂದು ಹಳೆಯ ಗ್ರೀಕ್ ಬರಹಗಾರರೇ ಬರೆದಿಟ್ಟಿದ್ದಾರೆ. ಕಣ್ಣಿಗೆ ಸುಳ್ಳು ಅನಿಸಿದ್ದಕ್ಕೇ ದಾಖಲೆ ಸಿಗುತ್ತದೆ ನೋಡಿ.

ನನ್ನ ಪ್ರಕಾರ ದೊಡ್ಡ ಸುಳ್ಳು ಇರುವುದು ನಿಮ್ಮ ಮೌಸ್‌ನಲ್ಲಿ. ನೀವು ಆಕಾಶದಲ್ಲಿ ನಿಂತು ಇಡೀ ಮೈದಾನ ನೋಡುತ್ತೀರಿ. ಎರಡು ಮೈಲಿ ಆಚೆಗಿನ ಕುದುರೆ ಪಡೆಗೆ ಕ್ಲಿಕ್ ಮಾಡಿದರೆ ಅದು ಆ ಕ್ಷಣವೇ ತಿರುಗುತ್ತದೆ. ಇಂಥ ವರ ಯಾವ ಸೇನಾಪತಿಗೂ ಸಿಕ್ಕಿರಲಿಲ್ಲ.

1815ರ ಜೂನ್ 16ರಂದು, ಅಂದರೆ ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್ಲೂ ಯುದ್ಧಕ್ಕೆ ಎರಡು ದಿನ ಮೊದಲು ಏನಾಯಿತು ಕೇಳಿ. ನೆಪೋಲಿಯನ್ ಲಿನ್ಯಿಯಲ್ಲಿ ಪ್ರಷ್ಯನ್ನರ ಜೊತೆ ಕಾದಾಡುತ್ತಿದ್ದ. ನೇ ಎಂಬ ಅವನ ಮಾರ್ಷಲ್, ಕಾತ್ರ್ ಬ್ರಾದಲ್ಲಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಜೊತೆ. ಇಬ್ಬರಿಗೂ ಡೆರ್ಲೋನ್ ಎಂಬ ಜನರಲ್‌ನ ಪಡೆ ಬೇಕಾಗಿತ್ತು, ಹತ್ತಿರ ಹತ್ತಿರ 20,000 ಜನ. ನೇ ಕಡೆ ಹೊರಟಿದ್ದ ಪಡೆಯನ್ನು ದಾರಿಯಲ್ಲೇ ಲಿನ್ಯಿ ಕಡೆ ತಿರುಗಿಸಿದರು. ಅದು ಬಂದ ದಿಕ್ಕು ನೋಡಿ ನೆಪೋಲಿಯನ್ ಕಡೆಯವರೇ ಶತ್ರು ಬಂದ ಎಂದು ಗಾಬರಿಯಾದರು. ಇನ್ನೇನು ಲಿನ್ಯಿ ಮುಟ್ಟಬೇಕು ಅನ್ನುವಾಗ ನೇ ಸಿಟ್ಟಿನಿಂದ ವಾಪಸ್ ಕರೆದ. ಅಷ್ಟೂ ಜನ ಇಡೀ ದಿನ ನಡೆದು ಎರಡೂ ಕಡೆ ಕೆಲಸಕ್ಕೆ ಬರಲಿಲ್ಲ.

ಟೋಟಲ್ ವಾರ್‌ನಲ್ಲಿ ಹೀಗೆ ಆಗಲು ಸಾಧ್ಯವೇ? ನೆಪೋಲಿಯನ್‌ನ ಕೋಟಿನ ಗುಂಡಿಯೂ ಸರಿಯಾಗಿರುತ್ತದೆ, ಡೆರ್ಲೋನ್ ಮಾತ್ರ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಬರುತ್ತಾನೆ.

ನಿಮಗೆ ಬೇಕಾಗಿರುವುದು ಸ್ಕೌರ್ಜ್ ಆಫ್ ವಾರ್ ಸರಣಿ. ಗೆಟಿಸ್‌ಬರ್ಗ್ ಇದೆ, 2015ರಲ್ಲಿ ಬಂದ ವಾಟರ್ಲೂ ಇದೆ. ಅದರಲ್ಲಿ ಒಂದು ಸೆಟ್ಟಿಂಗ್ ಹಾಕಿದರೆ ಕ್ಯಾಮೆರಾ ನಿಮ್ಮ ಕುದುರೆಯ ಪಕ್ಕಕ್ಕೇ ಅಂಟಿಕೊಳ್ಳುತ್ತದೆ. ಅಪ್ಪಣೆಯನ್ನು ಸವಾರ ಒಯ್ಯಬೇಕು, ಅವನು ಮುಟ್ಟುವ ಹೊತ್ತಿಗೆ ಅಲ್ಲಿನ ಕಥೆಯೇ ಬದಲಾಗಿರುತ್ತದೆ. ಗ್ರಾಫಿಕ್ಸ್ ಸುಮಾರು. ಆದರೆ ಗುಡ್ಡದ ಹಿಂದಿನಿಂದ ಫಿರಂಗಿ ಸದ್ದು ಬಂದಾಗ ಅದು ನಮ್ಮದೋ ಅವರದೋ ತಿಳಿಯದೆ ಒದ್ದಾಡುವುದು ಬೇರೆಲ್ಲೂ ಸಿಗಲಿಲ್ಲ ನನಗೆ. ವಿಯೆಟ್ನಾಂ ಯುದ್ಧದ ರೇಡಿಯೋ ಕಮಾಂಡರ್ (2019) ಇನ್ನೂ ಮುಂದೆ ಹೋಗುತ್ತದೆ. ಒಬ್ಬ ಸೈನಿಕನೂ ಕಾಣುವುದಿಲ್ಲ. ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿ ನಕ್ಷೆಯ ಮೇಲೆ ಗುರುತು ಇಡುವವರು ನೀವೇ.

ಇದೇನು ಹೊಸ ಯೋಚನೆಯಲ್ಲ. 1824ರಲ್ಲೇ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ಕ್ರೀಗ್‌ಸ್ಪೀಲ್ ಎಂಬ ನಕ್ಷೆಯ ಆಟ ಮಾಡಿದ್ದ. ಆಟಗಾರ ಅಪ್ಪಣೆಯನ್ನು ಅಂಪೈರ್‌ಗೆ ಕೊಡಬೇಕು. ಯಾರಿಗೆ ಏನು ಕಾಣುತ್ತದೆ ಎಂದು ತೀರ್ಮಾನಿಸುವವನೂ ಅವನೇ. ಕಂಪ್ಯೂಟರ್ ಬಂದಮೇಲೆ ನಾವು ಅಂಪೈರ್‌ನನ್ನು ಮನೆಗೆ ಕಳಿಸಿ ಸೈನಿಕರ ಮೀಸೆ ಬಿಡಿಸುತ್ತಾ ಕೂತಿದ್ದೇವೆ.

ನಕ್ಷೆರಾಯ:

ಹಳೇಕೋಟೆಯವರ ಮಾತು ಅರ್ಧ ಒಪ್ಪುತ್ತೇನೆ. ಅಪ್ಪಣೆ ತಡವಾಗುವುದು ಯುದ್ಧದ ದಿನದ ಕಷ್ಟ. ಆ ದಿನಕ್ಕೂ ಮುಂಚೆ ಸೈನ್ಯ ತಿನ್ನಬೇಕಲ್ಲ?

ನೆಪೋಲಿಯನ್‌ನ 1812ರ ರಷ್ಯಾ ದಂಡಯಾತ್ರೆಯ ಬಗ್ಗೆ ಮಿನಾರ್ ಎಂಬ ಫ್ರೆಂಚ್ ಎಂಜಿನಿಯರ್ 1869ರಲ್ಲಿ ಬರೆದ ನಕ್ಷೆ ನೋಡಿ. ಅದರಲ್ಲಿ ಗೆರೆಯ ದಪ್ಪವೇ ಸೈನಿಕರ ಲೆಕ್ಕ. ನೀಮನ್ ನದಿ ದಾಟುವಾಗ 4,22,000 ಜನ. ಮಾಸ್ಕೋ ತಲುಪಿದಾಗ 1,00,000. ವಾಪಸ್ ನದಿ ದಾಟಿದ್ದು 10,000. ಎಲ್ಲರೂ ಹಿಮದ ಕಥೆ ಹೇಳುತ್ತಾರೆ, ಆದರೆ ಹೋಗುವಾಗಲೇ ಆ ಗೆರೆ ಎಷ್ಟು ತೆಳ್ಳಗಾಗಿದೆ! ಒಂದಷ್ಟು ಜನರನ್ನು ದಾರಿಯ ಕಾವಲಿಗೆ ಬಿಟ್ಟಿದ್ದು ನಿಜ. ಉಳಿದದ್ದು ಬೇಸಿಗೆಯ ಬಿಸಿಲು, ಕಾಯಿಲೆ, ಓಡಿಹೋದವರು, ಮೇವಿಲ್ಲದೆ ಸತ್ತ ಕುದುರೆಗಳು. ಬೊರೊಡಿನೊದಂಥ ದೊಡ್ಡ ಯುದ್ಧವೂ ಇದರಲ್ಲಿ ಒಂದು ಪಾಲು ಮಾತ್ರ.

ಹೆಚ್ಚಿನ ಗೇಮ್‌ಗಳಲ್ಲಿ ಕುದುರೆ ಮೇವೇ ತಿನ್ನುವುದಿಲ್ಲ. ಯುರೋಪಾ ಯೂನಿವರ್ಸಾಲಿಸ್ 4ರಲ್ಲಿ ದೊಡ್ಡ ಸೈನ್ಯವನ್ನು ಬಡ ಪ್ರಾಂತ್ಯದಲ್ಲಿ ನಿಲ್ಲಿಸಿದರೆ ತಿಂಗಳು ತಿಂಗಳು ಜನ ಕಮ್ಮಿಯಾಗುತ್ತಾರೆ, ಅಷ್ಟಾದರೂ ಇದೆ. ಎರಡನೇ ಮಹಾಯುದ್ಧದ ಹಾರ್ಟ್ಸ್ ಆಫ್ ಐರನ್ 4 ಬಂದಿದ್ದು 2016ರಲ್ಲಿ, ರೈಲು ಹಳಿ ಮತ್ತು ಸಪ್ಲೈ ಹಬ್ (ಸೈನ್ಯಕ್ಕೆ ಸಾಮಾನು ಹಂಚುವ ಕೇಂದ್ರ) ಬಂದಿದ್ದು 2021ರಲ್ಲಿ. ಆಗಿನಿಂದ ರಷ್ಯಾದಲ್ಲಿ ಟ್ಯಾಂಕ್ ಓಡಿಸುವ ಮುಂಚೆ ಹಳಿ ಎಲ್ಲಿದೆ ಎಂದು ನೋಡಲೇಬೇಕು.

ಸುಲಭವಾಗಿ ಕಲಿಯಬೇಕು ಅಂದರೆ ಯೂನಿಟಿ ಆಫ್ ಕಮಾಂಡ್ (2011). ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ರಷ್ಯಾ ಕಾದಾಡಿದ, ಸ್ಟಾಲಿನ್‌ಗ್ರಾಡ್ ಕಾಲದ ಪೂರ್ವ ರಂಗ. ಶತ್ರುವನ್ನು ಎದುರಿನಿಂದ ಹೊಡೆಯುವುದಕ್ಕಿಂತ ಅವನ ರೈಲು ದಾರಿ ಕತ್ತರಿಸುವುದೇ ಮುಖ್ಯ. ನಿಯಮಗಳು ಕಡಿಮೆ, ಆದರೆ ಸೋಲು ಬೇಗ ಬರುತ್ತದೆ.

ಸೇವ್‌ಗೇಮ್:

ಇಬ್ಬರೂ ಟೋಟಲ್ ವಾರ್‌ಗೆ ಸುಮ್ನೆ ಬೈಯುತ್ತಿದ್ದೀರಿ. ಅದು ಒಂದು ವಿಷಯವನ್ನು ಬೇರೆ ಗೇಮ್‌ಗಳಿಗಿಂತ ಚೆನ್ನಾಗಿ ಹಿಡಿದಿದೆ: ಧೈರ್ಯ. ಆ ಕಾಲದ ಸೈನ್ಯಗಳು ಕೊನೆಯ ಮನುಷ್ಯನವರೆಗೂ ಕಾದಾಡುತ್ತಿರಲಿಲ್ಲ. ಒಂದು ಕಡೆ ಸಾಲು ಮುರಿದರೆ ಪಕ್ಕದವನೂ ಓಡುತ್ತಿದ್ದ, ಜಾಸ್ತಿ ಸಾವು ಆಗುತ್ತಿದ್ದುದು ಬೆನ್ನಟ್ಟುವಾಗ. ಟೋಟಲ್ ವಾರ್‌ನಲ್ಲೂ ಹಾಗೇ ಅಲ್ವಾ? ಏಜ್ ಆಫ್ ಎಂಪೈರ್ಸ್ 2ರಲ್ಲಿ ಉಳಿದ ಒಬ್ಬ ಈಟಿಯವನು ಇಡೀ ಸೈನ್ಯದ ಎದುರು ನಿಂತೇ ಸಾಯುತ್ತಾನೆ, ಹೆದರಿಕೆ ಅನ್ನುವುದೇ ಇಲ್ಲ. (ಅದು ನನಗೆ ಇಷ್ಟದ ಗೇಮ್, ಆ ಮಾತು ಬೇರೆ.)

ಇನ್ನೊಂದು ಮಾತು. ನಿಜವಾದ ಸೇನಾಪತಿ ದಿನದ ಹೆಚ್ಚಿನ ಹೊತ್ತು ಮಾಡುತ್ತಿದ್ದುದು ಕಾಯುವುದು. ಅದನ್ನೂ ಗೇಮ್ ಮಾಡಿದರೆ ದುಡ್ಡು ಕೊಟ್ಟು ಯಾರು ಆಡುತ್ತಾರೆ?

ಕಾಲಾಳು:

ಡೆರ್ಲೋನ್ ಕಥೆ ಓದಿ ಸ್ಕೌರ್ಜ್ ಆಫ್ ವಾರ್ ಬೇಕೇ ಬೇಕು ಅನಿಸಿತು. ಆದರೆ ಮೊದಲ ದಿನವೇ ಸವಾರನನ್ನು ನಂಬಿಕೊಂಡು ಆಡಬಹುದಾ, ಇಲ್ಲ ತಲೆ ಕೆಡುತ್ತದಾ? ನನ್ನ ಹತ್ತಿರ ಈಗಾಗಲೇ ಇರುವ ಗೇಮ್‌ಗಳಲ್ಲಿ ಇದರ ರುಚಿ ನೋಡಲು ದಾರಿ ಇದೆಯಾ?

ಹಳೇಕೋಟೆ:

ಮೊದಲ ದಿನವೇ ಬೇಡ. ಒಂದೇ ಬ್ರಿಗೇಡ್ (ಸೈನ್ಯದ ಒಂದು ತುಕಡಿ) ತೆಗೆದುಕೊಂಡು ಸಣ್ಣ ಸನ್ನಿವೇಶಗಳನ್ನು ಆಡಿ. ಸವಾರರನ್ನು ಆಮೇಲೆ ಆನ್ ಮಾಡಿ. ಇಡೀ ಸೈನ್ಯದ ಹೊಣೆ ಕೊನೆಗೆ. ಮೇಲಿನವನ ಅಪ್ಪಣೆ ಅರ್ಥವಿಲ್ಲದ್ದು ಅನಿಸುವ ಅನುಭವವೂ ಬ್ರಿಗೇಡ್ ಮಟ್ಟದಲ್ಲೇ ಸಿಗುವುದು, ಅದನ್ನು ತಪ್ಪಿಸಿಕೊಳ್ಳಬೇಡಿ.

ನಿಮ್ಮ ಹತ್ತಿರ ಟೋಟಲ್ ವಾರ್ ಸರಣಿಯ ಮೀಡೀವಲ್ 2 ಇರಬೇಕಲ್ಲ? ಸೆಟ್ಟಿಂಗ್‌ನಲ್ಲಿ ಜನರಲ್ ಕ್ಯಾಮೆರಾ ಆರಿಸಿ. ಕ್ಯಾಮೆರಾ ನಿಮ್ಮ ಸೇನಾಪತಿಯ ಹತ್ತಿರವೇ ಇರುತ್ತದೆ. ಅದೇ ಸರಣಿಯ ಶೋಗನ್ 2 ಇದ್ದರೆ ಲೆಜೆಂಡರಿ ಎಂಬ ಅತಿ ಕಷ್ಟದ ಮಟ್ಟದಲ್ಲಿ ಆಡಿ, ಆಟವನ್ನು ತಡೆದು ನಿಲ್ಲಿಸಿಕೊಂಡು ಅಪ್ಪಣೆ ಕೊಡಲು ಬಿಡುವುದಿಲ್ಲ. ಕ್ಲಿಕ್ ಮಾಡಿದ ತಕ್ಷಣ ಪಡೆ ತಿರುಗುವುದು ಎರಡರಲ್ಲೂ ಹಾಗೇ ಇದೆ, ಅದಕ್ಕೆ ಮದ್ದಿಲ್ಲ. ಆದರೆ ಎಡಗಡೆಯ ಕುದುರೆ ಪಡೆ ಕಾಡಿನ ಹಿಂದೆ ಹೋದಮೇಲೆ ಏನಾಯಿತು ಎಂದು ನೋಡಲು ನೀವೇ ಅಲ್ಲಿಗೆ ಹೋಗಬೇಕಾಗುತ್ತದೆ. ಅಷ್ಟರಲ್ಲಿ ಬಲಗಡೆಯವರು ಓಡಿಹೋಗಿರುತ್ತಾರೆ.