ಸಹಾಯ ಬೇಕು: ಲಕ್ಷದ್ವೀಪದ ಅಮಿನದಿವಿ ದ್ವೀಪಗಳ ಹಳೆಯ ವ್ಯಾಪಾರ ತಿಳಿದವರು ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನನ್ನ ಅಜ್ಜ ಮಂಗಳೂರಿನ ಬಂದರಿನಲ್ಲಿ ಮಂಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಅವರ ಕಡತವೊಂದು ಅಟ್ಟದಲ್ಲಿ ಸಿಕ್ಕಿದೆ. ಅಂಚನ್ನೆಲ್ಲ ಗೆದ್ದಲು ತಿಂದಿದೆ, ಎಣ್ಣೆಯ ಕಲೆ ಮಾತ್ರ ಹೋಗಿಲ್ಲ. ಪುಟದ ಎಡಗಡೆ ಅಮಿನಿ, ಕಿಲ್ತಾನ್, ಚೆತ್ಲತ್ ಎಂಬ ಅಲ್ಲಿನ ದ್ವೀಪಗಳ ಹೆಸರುಗಳ ಕೆಳಗೆ ಕೊಬ್ಬರಿ ಮತ್ತು ತೆಂಗಿನ ನಾರಿನ ಹಗ್ಗ, ಬಲಗಡೆ ಬರೀ ಅಕ್ಕಿ!

ಕಾರಣ ಸರಳ. ಲಕ್ಷದ್ವೀಪದ 36 ದ್ವೀಪಗಳನ್ನು ಕೂಡಿಸಿದರೂ ಸುಮಾರು 32 ಚದರ ಕಿಲೋಮೀಟರ್ ಅಷ್ಟೇ. ಹವಳದ ಮರಳು ನೆಲ, ನದಿಯಿಲ್ಲ, ತೆಂಗೇ ಮುಖ್ಯ ಬೆಳೆ, ಭತ್ತದ ಮಾತೇ ಇಲ್ಲ. ಕಾಯಿಯ ಸಿಪ್ಪೆಯನ್ನು ದಡದ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆತ ಮೇಲೆ ಹೆಂಗಸರು ಬಡಿದು ನಾರು ಬಿಡಿಸಿ ಹೊಸೆಯುತ್ತಿದ್ದರು. ಆ ಹಗ್ಗ ಹಾಯಿ ಹಡಗು ಏರಿ ನಮ್ಮೂರಿಗೆ ಬಂದರೆ ಅವರ ಒಲೆಗೆ ಅಕ್ಕಿ ಹೋಗುತ್ತಿತ್ತು. ಮಳೆಗಾಲದಲ್ಲಿ ಕಡಲು ಮುಚ್ಚಿತೆಂದರೆ ಎಲ್ಲವೂ ಸ್ತಬ್ಧ.

1956ರ ನವೆಂಬರ್ 1ರವರೆಗೆ ಈ ಅಮಿನದಿವಿ ಗುಂಪು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಶಾಲೆಯಲ್ಲಿ ಇದನ್ನು ನಮಗೆ ಯಾರೂ ಹೇಳಲಿಲ್ಲ ಎಂಬ ಸಿಟ್ಟು ನನಗಿದೆ.

ಈಗ ಬೇಕಾಗಿರುವುದು: ಆ ಕಾಲದಲ್ಲಿ ಹಗ್ಗವನ್ನು ಯಾವ ಅಳತೆಯಲ್ಲಿ ಕೊಳ್ಳುತ್ತಿದ್ದರು? ಕಡತದಲ್ಲಿ ‘ಕ’ ಎಂದಷ್ಟೇ ಇದೆ. ಕಟ್ಟೋ, ಕಂಡಿಯೋ (ಹಳೆಯ ತೂಕದ ಅಳತೆ)? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ನೋಡಿ. ಪುಟಗಳ ಫೋಟೊ ಕಳುಹಿಸುತ್ತೇನೆ. ಮೋಡಿ ಅಕ್ಷರ (ಹಳೆಯ ಕಾಲದ ಕೂಡುಬರಹ) ಓದಬಲ್ಲವರು ಸಿಕ್ಕರಂತೂ ದೊಡ್ಡ ಉಪಕಾರ, ಕೊನೆಯ ನಾಲ್ಕು ಹಾಳೆ ಪೂರ್ತಿ ಅದರಲ್ಲೇ ಇವೆ.