ಟಿಗ್ ಕಲಿಕೆ: ಬೆಸುಗೆಯಲ್ಲಿ ತೂತು, ಟಂಗ್‌ಸ್ಟನ್ ಕಪ್ಪು. ಎಲ್ಲಿ ತಪ್ಪುತ್ತಿದೆ?

ಶಿರಾಗೇಟ್ ಹೊಸಬ:
ಎಲ್ಲರಿಗೂ ನಮಸ್ಕಾರ. ಊರು ತುಮಕೂರು. ರಾಡ್ ವೆಲ್ಡಿಂಗ್ ಬರುತ್ತದೆ, ಈಗ ಹವ್ಯಾಸಕ್ಕೆ ಟಿಗ್ (ಆರ್ಗಾನ್ ಗ್ಯಾಸಿನ ಮರೆಯಲ್ಲಿ, ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್ ಅಂದರೆ ವಿದ್ಯುತ್ ಕಿಡಿ ಹಚ್ಚಿ ಬೆಸೆಯುವುದು) ಹಿಡಿದಿದ್ದೇನೆ. ಸಿಂಗಲ್ ಫೇಸ್ 200 ಆಂಪ್ ಡಿಸಿ ಇನ್ವರ್ಟರ್ ವೆಲ್ಡಿಂಗ್ ಮೆಷಿನ್, ಲಿಫ್ಟ್ ಆರ್ಕ್ (ಟಂಗ್‌ಸ್ಟನ್ ಮುಟ್ಟಿಸಿ ಎತ್ತಿದರೆ ಆರ್ಕ್ ಹತ್ತುವ ಬಗೆ), ಹಿಡಿಯಲ್ಲೇ ಗ್ಯಾಸ್ ವಾಲ್ವ್ ಇರುವ ಟಾರ್ಚ್. ಕೆಂಪು ತುದಿಯ 2.4 ಮಿ.ಮೀ. ಟಂಗ್‌ಸ್ಟನ್, 6ನೇ ನಂಬರ್ ಕಪ್ (ಟಾರ್ಚ್ ತುದಿಯಲ್ಲಿ ಗ್ಯಾಸ್ ಹೊರಬರುವ ಮೂತಿ), ಆರ್ಗಾನ್ ನಿಮಿಷಕ್ಕೆ 14 ಲೀಟರ್. 2 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪ್ಲೇಟಿಗೆ 90 ಆಂಪ್ ಇಟ್ಟರೆ ಬೆಸುಗೆ ತುಂಬ ಸೂಜಿ ಚುಚ್ಚಿದಂಥ ತೂತು, ಕೊನೆಯಲ್ಲಿ ಗುಳಿ ಬಿದ್ದು ಸೀಳು. ಟಂಗ್‌ಸ್ಟನ್ ಕಪ್ಪಗಾಗುತ್ತದೆ. ಫಿಲ್ಲರ್ (ಬೆಸುಗೆಗೆ ಕರಗಿಸಿ ಸೇರಿಸುವ ತಂತಿ) ಸಿಗುವವರೆಗೆ ರಾಡ್ ವೆಲ್ಡಿಂಗಿನ 6013 ಕಡ್ಡಿಯ ಮೇಲಿನ ಲೇಪ, ಅಂದರೆ ಫ್ಲಕ್ಸ್, ಉದುರಿಸಿ ಬಳಸುತ್ತಿದ್ದೇನೆ. ಕೆಲಸ ಮಹಡಿ ಮೇಲಿನ ಶೆಡ್ಡಿನಲ್ಲಿ.

ವೇಮಗಲ್ ಬೆಸುಗೆ:
ಮೊದಲು ಆ ಕಡ್ಡಿ ಬಿಡಿ. 6013ರಲ್ಲಿ ಆಮ್ಲಜನಕ ಹೀರಿಕೊಳ್ಳುವ ಕೆಲಸ ಫ್ಲಕ್ಸಿನದು. ಅದನ್ನು ಉದುರಿಸಿದ ಮೇಲೆ ಒಳಗಿನ ತಂತಿ ಕುದಿದು ತೂತು ಬಿಡುತ್ತದೆ. ಇಆರ್70ಎಸ್-2 ಅಥವಾ ಇಆರ್70ಎಸ್-6 ಫಿಲ್ಲರ್, 1.6 ಮಿ.ಮೀ. ತನ್ನಿ. ಆಮ್ಲಜನಕ ಹೀರುವ ಮ್ಯಾಂಗನೀಸ್, ಸಿಲಿಕಾನ್ ಆ ತಂತಿಯಲ್ಲೇ ಇರುತ್ತವೆ.

ಎರಡನೆಯದು ಪ್ಲೇಟಿನ ಕರಿ ಪೊರೆ. ರಾಡ್ ವೆಲ್ಡಿಂಗಿನಲ್ಲಿ ನಡೆದುಹೋಗುವ ಕೊಳೆ ಟಿಗ್‌ನಲ್ಲಿ ನಡೆಯುವುದಿಲ್ಲ, ಇದನ್ನು ಒಪ್ಪಿಕೊಂಡರೆ ಅರ್ಧ ಕಲಿತಂತೆ. ಜೋಡಿಸುವ ಅಂಚಿನಿಂದ 20 ಮಿ.ಮೀ.ವರೆಗೆ, ಮೇಲೆ, ಕೆಳಗೆ, ಅಂಚಿನ ದಪ್ಪದಲ್ಲೂ ಲೋಹ ಬೆಳ್ಳಗೆ ಹೊಳೆಯುವಂತೆ ಗ್ರೈಂಡ್ ಮಾಡಿ. ಆಮೇಲೆ ಅಸಿಟೋನ್ ಬಟ್ಟೆಯಿಂದ ಪ್ಲೇಟನ್ನೂ ಫಿಲ್ಲರನ್ನೂ ಒರೆಸಿ, ಪೂರ್ತಿ ಆರಿದ ಮೇಲೆ ಆರ್ಕ್ ಹಚ್ಚಿ. ಬ್ರೇಕ್ ಕ್ಲೀನರ್ ಮಾತ್ರ ಬಳಸಲೇಬೇಡಿ. ಕ್ಲೋರಿನ್ ಇರುವ ದ್ರಾವಣ ಆರ್ಕಿನ ಬೆಳಕಿಗೂ ಶಾಖಕ್ಕೂ ಫಾಸ್ಜೀನ್ ವಿಷಾನಿಲವಾಗುತ್ತದೆ. ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪಿನ ಚೂರುಗಳನ್ನೂ ಅಭ್ಯಾಸಕ್ಕೆ ತರಬೇಡಿ, ಸತುವಿನ ಹೊಗೆ ಜ್ವರ ತರಿಸುತ್ತದೆ.

ಗ್ಯಾಸ್ 14 ಲೀಟರ್ ಹೆಚ್ಚಾಯಿತು. 6ನೇ ನಂಬರ್ ಕಪ್‌ನಿಂದ ಗ್ಯಾಸ್ ಅಷ್ಟು ರಭಸವಾಗಿ ಬಂದರೆ ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ. 7ರಿಂದ 8 ಸಾಕು. ಹೋಸಿನ ಜಾಯಿಂಟುಗಳಿಗೆಲ್ಲ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಮಹಡಿ ಮೇಲಾದ್ದರಿಂದ ಗಾಳಿ ಬರುವ ಬದಿಗೆ ಪ್ಲೈವುಡ್ ಹಲಗೆ ನಿಲ್ಲಿಸಿ. ಆಷಾಢದ ಗಾಳಿಗೆ ಆರ್ಗಾನ್ ನಿಲ್ಲುವುದಿಲ್ಲ. ಹಾಗೆಂದು ಶೆಡ್ಡನ್ನು ಪೂರ್ತಿ ಮುಚ್ಚಬೇಡಿ, ಆರ್ಗಾನ್ ಗಾಳಿಗಿಂತ ಭಾರ, ಕೆಳಗೆ ಶೇಖರವಾಗಿ ಉಸಿರು ಕಟ್ಟಿಸುತ್ತದೆ.

ಟಂಗ್‌ಸ್ಟನ್ ಕಪ್ಪಾಗುವುದು, ಕೊನೆಯ ಸೀಳು, ಎರಡೂ ನೀವು ನಿಲ್ಲಿಸುವ ರೀತಿಯಿಂದ. ಆರ್ಕ್ ಕಡಿಯಲು ಟಾರ್ಚ್ ಎಳೆದ ಕೂಡಲೇ ವಾಲ್ವ್ ತಿರುಗಿಸುತ್ತಿದ್ದೀರಿ ಅನಿಸುತ್ತದೆ. ಕೊನೆಗೆ ಒಂದು ಹನಿ ಫಿಲ್ಲರ್ ಹೆಚ್ಚಿಗೆ ಕೊಟ್ಟು ಗುಳಿ ತುಂಬಿಸಿ, 5 ಮಿ.ಮೀ. ಹಿಂದಕ್ಕೆ ಬೆಸುಗೆಯ ಮೇಲೆಯೇ ಬಂದು ಆರ್ಕ್ ಕಡಿಯಿರಿ. ತಕ್ಷಣ ಟಾರ್ಚಿನ ಕಪ್ ಮತ್ತೆ ಆ ಜಾಗದ ಮೇಲೆ ಹಿಡಿದು 8ರಿಂದ 10 ಸೆಕೆಂಡ್ ಗ್ಯಾಸ್ ಹರಿಯಲು ಬಿಡಿ. 10 ಆಂಪಿಗೆ 1 ಸೆಕೆಂಡ್ ಎಂಬ ಲೆಕ್ಕ.

ಗೌರಿಬಿದನೂರು ಟಾರ್ಚ್:
ಮೇಲಿನವರ ಮಾತಿಗೆ ಸೇರಿಸುವುದಿಷ್ಟು. ಟಾರ್ಚ್ ಮೈನಸ್‌ನಲ್ಲಿದೆಯೇ, ಅರ್ತ್ ಪ್ಲಸ್‌ನಲ್ಲಿದೆಯೇ ಒಮ್ಮೆ ನೋಡಿ. ರಾಡ್ ವೆಲ್ಡಿಂಗಿನಿಂದ ಬಂದವರು ಬದಲಿಸಲು ಮರೆಯುತ್ತಾರೆ, ಆಗ ಟಂಗ್‌ಸ್ಟನ್ ತುದಿ ಗುಂಡಾಗಿ ಕರಗುತ್ತದೆ.

2 ಮಿ.ಮೀ. ಪ್ಲೇಟಿಗೆ 1.6 ಟಂಗ್‌ಸ್ಟನ್ ಸಾಕು, ಟಾರ್ಚಿನೊಳಗೆ ಅದನ್ನು ಹಿಡಿಯುವ ಕಾಲೆಟ್ ಕೂಡ 1.6ರದ್ದೇ ಹಾಕಿ. ಕೆಂಪು ತುದಿಯದರಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ, ಗ್ರೈಂಡ್ ಮಾಡಿದ ಧೂಳು ಎದೆಗೆ ಹೋಗಬಾರದು. ಬೂದು ಅಥವಾ ಚಿನ್ನದ ಬಣ್ಣದ್ದು ಕೊಳ್ಳಿ. ಚೂಪು ಮಾಡುವಾಗ ಉದ್ದಕ್ಕೆ ಗೀರು ಬೀಳಬೇಕು. ಅಡ್ಡ ಗೀರಿದ್ದರೆ ಆರ್ಕ್ ಅಲೆಯುತ್ತದೆ. ಮೊನೆಯ ಉದ್ದ 3ರಿಂದ 4 ಮಿ.ಮೀ.

ಒಂದು ವಾರ ಫಿಲ್ಲರ್ ಮುಟ್ಟಬೇಡಿ. 70 ಆಂಪಿನಲ್ಲಿ, ಟಂಗ್‌ಸ್ಟನ್ ಪ್ಲೇಟಿನಿಂದ 2 ಮಿ.ಮೀ. ಎತ್ತರದಲ್ಲಿ, ಟಾರ್ಚ್ 15 ಡಿಗ್ರಿ ವಾಲಿಸಿ, ಕರಗಿದ ಲೋಹ 5 ಮಿ.ಮೀ. ಅಗಲದ ಕನ್ನಡಿಯಂತಾಗುವವರೆಗೆ ಕಾದು ನೇರ ಗೆರೆ ಎಳೆಯಿರಿ. ಗೆರೆಯ ಅಗಲ ಮೊದಲಿಂದ ಕೊನೆಯವರೆಗೆ ಒಂದೇ ಇದ್ದರೆ ಮಾತ್ರ ಫಿಲ್ಲರ್. ಅದನ್ನು ಆರ್ಕಿಗೆ ಹಿಡಿಯಬಾರದು, ಕರಗಿದ ಲೋಹದ ಮುಂದಿನ ಅಂಚಿಗೆ ಮುಟ್ಟಿಸಿ ತೆಗೆಯಬೇಕು. ತೆಗೆದಾಗಲೂ ಬಿಸಿ ತುದಿ ಗ್ಯಾಸಿನ ಒಳಗೇ ಇರಲಿ. ಆಮೇಲೆ ಹೊರಮೂಲೆಯ ಜಾಯಿಂಟ್, ಟಿ ಜಾಯಿಂಟ್ ಎಲ್ಲಕ್ಕಿಂತ ಕೊನೆಗೆ. ಫುಲ್ ತೋಳಿನ ಕಾಟನ್ ಅಂಗಿ, 10ನೇ ಶೇಡ್ ಗಾಜು. ಹೊಗೆಯಿಲ್ಲದ ಕಾರಣ ಈ ಬೆಳಕು ಚರ್ಮವನ್ನು ಬೇಗ ಸುಡುತ್ತದೆ.

ಶಿರಾಗೇಟ್ ಹೊಸಬ:
ತುಂಬಾ ಧನ್ಯವಾದ ಸರ್. ವಾಲ್ವ್ ಬೇಗ ಮುಚ್ಚುತ್ತಿದ್ದದ್ದು ನಿಜ. ಇನ್ನೆರಡು ಪ್ರಶ್ನೆ: 10 ಲೀಟರ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ? ಮುಂದೆ 1.5 ಮಿ.ಮೀ. 304 ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಪೈಪ್ ಬೆಸೆಯಬೇಕೆಂದರೆ?

ವೇಮಗಲ್ ಬೆಸುಗೆ:
150 ಬಾರ್ ಒತ್ತಡಕ್ಕೆ ತುಂಬಿಸಿದ್ದರೆ 10 × 150, ಅಂದರೆ 1500 ಲೀಟರ್. ನಿಮಿಷಕ್ಕೆ 8ರಂತೆ ಸುಮಾರು 3 ಗಂಟೆ. 47 ಲೀಟರಿನ ದೊಡ್ಡದು 14 ಗಂಟೆ ದಾಟುತ್ತದೆ, ಆದರೆ ಮಹಡಿಗೆ ಹೊರುವುದನ್ನು ಯೋಚಿಸಿ. ಸಿಲಿಂಡರ್ ಯಾವುದಾದರೂ ಸರಿ, ಸರಪಳಿ ಹಾಕಿ ಗೋಡೆಗೆ ಕಟ್ಟಿ.

ಎಸ್.ಎಸ್.ಗೆ ಇಆರ್308ಎಲ್ ಫಿಲ್ಲರ್, 45ರಿಂದ 55 ಆಂಪ್. ಹಿಂಬದಿಗೆ ಗಾಳಿ ತಗುಲಿದರೆ ಅಲ್ಲಿ ಸುಟ್ಟ ಬೆಲ್ಲದಂತೆ ಕರಿ ಉಂಡೆ ಏಳುತ್ತದೆ, ತುಕ್ಕು ಅಲ್ಲಿಂದಲೇ ಶುರು. ಪೈಪಿನ ಎರಡೂ ಬಾಯಿಗೆ ಅಲ್ಯೂಮಿನಿಯಂ ಟೇಪ್ ಹಾಕಿ, ಕೆಳಗಿನಿಂದ ಆರ್ಗಾನ್ ಬಿಟ್ಟು, ಮೇಲೆ ಗುಂಡುಸೂಜಿಯಷ್ಟು ತೂತು ಬಿಡಿ. ಬೆಸುಗೆ ಹುಲ್ಲಿನ ಹಳದಿ ಇಲ್ಲವೇ ಚಿನ್ನದ ಬಣ್ಣ ಬಂದರೆ ಸರಿ. ಬೂದು ಬಂದರೆ ಬಿಸಿ ಹೆಚ್ಚು ಅಥವಾ ಗ್ಯಾಸ್ ಕಡಿಮೆ. ಎಂ.ಎಸ್.ಗೆ ಬಳಸಿದ ವೈರ್ ಬ್ರಷ್ ಇದಕ್ಕೆ ಮುಟ್ಟಿಸಬೇಡಿ, ಬೇರೆ ಎಸ್.ಎಸ್. ಬ್ರಷ್ ಇಡಿ.